ಕೆಲಸದ ಜೊತೆ ಪದವಿ: ಫೀಸಿನ ಹಣ ಹೊಂದಿಸುವ ದಾರಿಗಳು

ಬಡ್ತಿಗೆ ಪದವಿ ಬೇಕು, ಕೆಪಿಎಸ್‌ಸಿ ಅರ್ಜಿಗೆ ಪದವಿ ಬೇಕು, ಇನ್ನೊಂದು ಕಂಪನಿಗೆ ಹಾರಬೇಕೆಂದರೂ ಪದವಿ ಬೇಕು. ಆದರೆ ಪಿಯುಸಿ ಅಥವಾ ಡಿಪ್ಲೊಮಾ ಮುಗಿಸಿ ದುಡಿಮೆಗೆ ಇಳಿದವರು ಕೆಲಸ ಬಿಟ್ಟು ಕಾಲೇಜು ಸೇರುವಂತಿಲ್ಲ. ಮನೆ ನಡೆಯುವುದೇ ಆ ಸಂಬಳದಲ್ಲಿ. ಅಂಥವರಿಗೆ ಉಳಿಯುವುದು ದೂರಶಿಕ್ಷಣ, ಆನ್‌ಲೈನ್ ಪದವಿ ಅಥವಾ ಸಂಜೆ ಕಾಲೇಜು. ಪ್ರವೇಶದ ಸಮಯ ಬಂದಾಗ ಸ್ಕಾಲರ್‌ಶಿಪ್ ಪೋರ್ಟಲ್ ತೆರೆದರೆ ‘ರೆಗ್ಯುಲರ್ ವಿದ್ಯಾರ್ಥಿಗಳಿಗೆ ಮಾತ್ರ’ ಎಂದಿರುತ್ತದೆ. ಬ್ಯಾಂಕಿಗೆ ಹೋದರೆ ‘ಫುಲ್‌ಟೈಮ್ ಕೋರ್ಸ್ ಆಗಿದ್ದರೆ ನೋಡಬಹುದಿತ್ತು’ ಎಂಬ ಉತ್ತರ ಸಿಗುತ್ತದೆ. ಅದೇ ಹೊತ್ತಿಗೆ ಫೋನಿಗೆ ‘ಬಡ್ಡಿಯಿಲ್ಲದ ಕಂತಿನಲ್ಲಿ ಪದವಿ’ ಎಂಬ ಜಾಹೀರಾತು ಬರುತ್ತದೆ.

ಭಾರತದಲ್ಲಿ ಶಿಕ್ಷಣಕ್ಕೆ ಸಿಗುವ ಹಣಕಾಸಿನ ನೆರವಿನ ಬಹುಪಾಲು ಪೂರ್ಣಾವಧಿ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದು. ಸಂಪಾದನೆ ಇಲ್ಲದ, ತಂದೆ ತಾಯಿಯ ಆಶ್ರಯದಲ್ಲಿರುವ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರಿಗೆ ಅದು ಹೊಂದುತ್ತದೆ. ದುಡಿಯುತ್ತಾ ಓದುವವರ ಲೆಕ್ಕವೇ ಬೇರೆ. ಅವರಿಗೆ ನೆರವಿನ ಬಾಗಿಲುಗಳು ಕಡಿಮೆ, ಆದರೆ ಎರಡು ಅನುಕೂಲಗಳಿವೆ: ಫೀಸು ಸಾಮಾನ್ಯವಾಗಿ ಚಿಕ್ಕದು, ಮತ್ತು ಪ್ರತಿ ತಿಂಗಳು ಕೈಗೆ ಸಂಬಳ ಬರುತ್ತದೆ. ಈ ಎರಡನ್ನು ಬಳಸಿಕೊಂಡರೆ ದೊಡ್ಡ ಸಾಲದ ಅಗತ್ಯ ಎಷ್ಟೋ ಜನರಿಗೆ ಬೀಳುವುದಿಲ್ಲ.

ಮೊದಲು ಕೋರ್ಸಿನ ಬಗೆ ತಿಳಿದುಕೊಳ್ಳಿ

ಕೆಲಸದ ಜೊತೆ ಓದುವ ಪದವಿಗಳನ್ನೆಲ್ಲ ನಾವು ‘ಪಾರ್ಟ್‌ಟೈಮ್’ ಎನ್ನುತ್ತೇವೆ. ಬ್ಯಾಂಕಿಗೂ ಸರ್ಕಾರಕ್ಕೂ ಅವು ಬೇರೆ ಬೇರೆ.

ಸಂಜೆ ಕಾಲೇಜಿನಲ್ಲಿ ದಿನವೂ ತರಗತಿ ನಡೆಯುತ್ತದೆ, ಹಾಜರಾತಿ ಇರುತ್ತದೆ. ಪದವಿ ಕೊಡುವುದು ಆ ಕಾಲೇಜು ಸೇರಿರುವ ವಿಶ್ವವಿದ್ಯಾಲಯ. ದಾಖಲೆಯಲ್ಲಿ ಇದು ಹೆಚ್ಚಾಗಿ ರೆಗ್ಯುಲರ್ ಕೋರ್ಸೇ ಆಗಿರುತ್ತದೆ, ಹಾಗಾಗಿ ವಿದ್ಯಾರ್ಥಿವೇತನ ಮತ್ತು ಶಿಕ್ಷಣ ಸಾಲ ಎರಡಕ್ಕೂ ಅರ್ಜಿ ಹಾಕುವ ಅವಕಾಶ ಇದರಲ್ಲಿ ಹೆಚ್ಚು. ಡಿಪ್ಲೊಮಾ ಮುಗಿಸಿ ಕೆಲಸದಲ್ಲಿರುವವರಿಗಾಗಿ ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇ ಅನುಮತಿಯೊಂದಿಗೆ ಕೆಲವು ಎಂಜಿನಿಯರಿಂಗ್ ಕಾಲೇಜುಗಳು ಅನುಕೂಲಕರ ಸಮಯದಲ್ಲಿ ತರಗತಿ ನಡೆಸುತ್ತವೆ. ಅವೂ ಇದೇ ಗುಂಪಿಗೆ ಹತ್ತಿರ.

ದೂರಶಿಕ್ಷಣದಲ್ಲಿ ಪುಸ್ತಕ ಮನೆಗೆ ಬರುತ್ತದೆ, ಸಂಪರ್ಕ ತರಗತಿಗಳು ಕೆಲವೇ ದಿನ, ಪರೀಕ್ಷೆ ಕೇಂದ್ರದಲ್ಲಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಸ್ಥಾಪನೆಯಾದ ಇಗ್ನೊ ಇದಕ್ಕೆ ಪರಿಚಿತ ಹೆಸರುಗಳು. ಆನ್‌ಲೈನ್ ಪದವಿಯಲ್ಲಿ ಪಾಠವೂ ಪರದೆಯ ಮೇಲೇ ನಡೆಯುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳು ಈಗ ಹೆಚ್ಚಾಗಿ ಇದನ್ನೇ ಮಾರುತ್ತಿವೆ, ಫೀಸೂ ದೂರಶಿಕ್ಷಣಕ್ಕಿಂತ ಹೆಚ್ಚು.

2022ರ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ನಿಯಂತ್ರಕ ಸಂಸ್ಥೆ ಯುಜಿಸಿ ಒಂದು ಸ್ಪಷ್ಟನೆ ಕೊಟ್ಟಿತು: ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮಾನ. ಈ ಸಮಾನತೆ ಪದವಿಯ ಬೆಲೆಗೆ ಸಂಬಂಧಿಸಿದ್ದು. ಸಾಲ ಮತ್ತು ವಿದ್ಯಾರ್ಥಿವೇತನದ ನಿಯಮಗಳನ್ನು ಅದು ಬದಲಿಸಿಲ್ಲ. ಕೌಂಟರಿನಲ್ಲಿ ಯುಜಿಸಿ ಪತ್ರ ತೋರಿಸಿ ವಾದಿಸುವವರಿಗೆ ಸಿಟ್ಟು ಬರುವುದು ಸಹಜವೇ, ಆದರೆ ಯೋಜನೆಯ ಮಾರ್ಗಸೂಚಿಯಲ್ಲಿ ‘ಪೂರ್ಣಾವಧಿ’ ಎಂದು ಬರೆದಿದ್ದರೆ ಆ ವಾದ ನಡೆಯುವುದಿಲ್ಲ.

ಮಾನ್ಯತೆ ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ

ಹಣದ ಲೇಖನದಲ್ಲಿ ಮಾನ್ಯತೆಯ ಮಾತೇಕೆ ಎಂದರೆ, ಮಾನ್ಯತೆ ಇಲ್ಲದ ಪದವಿಗೆ ಕಟ್ಟಿದ ಫೀಸು ಪೂರ್ತಿ ನಷ್ಟ. ಸಾಲ ತೆಗೆದಿದ್ದರೆ ಬಡ್ಡಿಯೂ ಸೇರಿ ನಷ್ಟ. ಮಾನ್ಯತೆ ಸಂಸ್ಥೆಗೆ ಒಂದು ಸಲ ಸಿಕ್ಕು ಶಾಶ್ವತವಾಗಿ ಉಳಿಯುವಂಥದ್ದಲ್ಲ. ಯಾವ ವರ್ಷ, ಯಾವ ಕೋರ್ಸು ಎಂಬುದನ್ನು ನೋಡಿ ಕೊಡುವಂಥದ್ದು. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದಾಚೆಗೆ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಅದು ಮರಳಿತು. ನಡುವೆ ಓದಿದವರು ಪಟ್ಟ ಪಾಡು ಸಣ್ಣದಲ್ಲ.

ನೋಡಬೇಕಾದ ಜಾಗ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಜಾಲತಾಣ. ಅಲ್ಲಿ ಸಂಸ್ಥೆಯ ಹೆಸರು ಇದ್ದರೆ ಸಾಲದು. ನೀವು ಸೇರುವ ಶೈಕ್ಷಣಿಕ ವರ್ಷದ ಪಟ್ಟಿಯಲ್ಲಿ ನಿಮ್ಮ ಕೋರ್ಸಿನ ಹೆಸರೂ ಇರಬೇಕು, ದೂರಶಿಕ್ಷಣವೋ ಆನ್‌ಲೈನೋ ಎಂಬುದೂ ಹೊಂದಬೇಕು. 2024ರಿಂದ ಇಂಥ ಕೋರ್ಸಿಗೆ ಸೇರುವವರು ತಾವೇ ‘ಡೆಬ್ ಐಡಿ’ ಎಂಬ ಈ ಬ್ಯೂರೋದ ಗುರುತಿನ ಸಂಖ್ಯೆ ಮಾಡಿಕೊಳ್ಳಬೇಕು. ಏಜೆಂಟರು ‘ಅದೆಲ್ಲ ನಾವೇ ಮಾಡಿಕೊಡುತ್ತೇವೆ, ಫೀಸು ಕಟ್ಟಿ’ ಎಂದರೆ ಅಲ್ಲಿಗೇ ನಿಲ್ಲಿಸಿ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡಲು ಅನುಮತಿಯೇ ಇಲ್ಲ. ಹಳೆಯ ತಾರೀಕು ಹಾಕಿ ‘ಒಂದೇ ವರ್ಷದಲ್ಲಿ ಡಿಗ್ರಿ’ ಕೊಡುವವರು ಮಾರುತ್ತಿರುವುದು ನಕಲಿ ಅಂಕಪಟ್ಟಿ.

ನಿಜವಾದ ಖರ್ಚು ಎಷ್ಟು?

ಬ್ರೋಷರಿನಲ್ಲಿರುವುದು ಬೋಧನಾ ಶುಲ್ಕ ಮಾತ್ರ. ಅದರ ಮೇಲೆ ನೋಂದಣಿ ಶುಲ್ಕ, ಪ್ರತಿ ಪರೀಕ್ಷೆಗೂ ಪರೀಕ್ಷಾ ಶುಲ್ಕ, ಪ್ರಾಜೆಕ್ಟ್ ಅಥವಾ ಪ್ರಾಯೋಗಿಕ ತರಗತಿಯ ಶುಲ್ಕ, ಕೊನೆಗೆ ಘಟಿಕೋತ್ಸವ ಶುಲ್ಕ. ಒಂದು ವಿಷಯ ಹೋದರೆ ಮತ್ತೆ ಪರೀಕ್ಷಾ ಶುಲ್ಕ. ಅವಧಿ ಮೀರಿದರೆ ಮರುನೋಂದಣಿ ಶುಲ್ಕ. ಇಗ್ನೊದ ಮೂರು ವರ್ಷದ ಪದವಿಯನ್ನು ಮುಗಿಸಲು ಆರು ವರ್ಷದವರೆಗೆ ಸಮಯವಿದೆ. ಆ ಗಡಿಯೊಳಗೆ ಮುಗಿಸಿದರೆ ಈ ಕೊನೆಯ ಖರ್ಚು ಬರುವುದಿಲ್ಲ.

ಬಹಳ ಜನ ಲೆಕ್ಕಕ್ಕೇ ಹಿಡಿಯದ ಖರ್ಚು ಇನ್ನೊಂದಿದೆ: ಕಳೆದುಕೊಳ್ಳುವ ಸಂಬಳ. ದಿನಗೂಲಿ ಅಥವಾ ಗುತ್ತಿಗೆ ಕೆಲಸದಲ್ಲಿರುವವರಿಗೆ ಪರೀಕ್ಷೆಯ ದಿನಗಳೆಂದರೆ ಸಂಬಳವಿಲ್ಲದ ದಿನಗಳು. ದಿನಕ್ಕೆ 700 ರೂಪಾಯಿ ದುಡಿಯುವವರು ಸಂಪರ್ಕ ತರಗತಿ ಮತ್ತು ಪರೀಕ್ಷೆಗೆಂದು ವರ್ಷಕ್ಕೆ 15 ದಿನ ರಜೆ ಹಾಕಿದರೆ 10,500 ರೂಪಾಯಿ ಹೋಯಿತು. ಎಷ್ಟೋ ಕೋರ್ಸುಗಳ ವರ್ಷದ ಫೀಸಿಗೆ ಇದು ಸಮ. ಪರೀಕ್ಷಾ ಕೇಂದ್ರ ಬೇರೆ ಊರಿನಲ್ಲಿದ್ದರೆ ಬಸ್ಸು, ಊಟ, ಉಳಿಯುವ ಖರ್ಚು ಇದರ ಮೇಲೆ. ಆದ್ದರಿಂದ ಪ್ರವೇಶದ ಅರ್ಜಿಯಲ್ಲಿ ಪರೀಕ್ಷಾ ಕೇಂದ್ರ ಆರಿಸುವಾಗ ಹತ್ತಿರದ್ದನ್ನೇ ಹಾಕಿ. ಆಮೇಲೆ ಬದಲಿಸಲು ಅರ್ಜಿ, ಕೆಲವೆಡೆ ಶುಲ್ಕವೂ ಬೇಕಾಗುತ್ತದೆ.

ತಿರುಗಿ ಕೊಡಬೇಕಿಲ್ಲದ ಹಣ: ರಿಯಾಯಿತಿ, ವಿದ್ಯಾರ್ಥಿವೇತನ

ಹುಡುಕಾಟ ಶುರುವಾಗಬೇಕಾದದ್ದು ಇಲ್ಲಿಂದ.

ಫೀಸು ರಿಯಾಯಿತಿ ಎಂದರೆ ವಿಶ್ವವಿದ್ಯಾಲಯವೇ ಶುಲ್ಕದಲ್ಲಿ ಒಂದು ಭಾಗವನ್ನು ಬಿಟ್ಟುಬಿಡುವುದು. ಮುಕ್ತ ವಿಶ್ವವಿದ್ಯಾಲಯಗಳು ಬಿಪಿಎಲ್ ಕುಟುಂಬದ ಮಹಿಳೆಯರು, ಸೈನಿಕರು ಮತ್ತು ಮಾಜಿ ಸೈನಿಕರು, ಅಂಗವಿಕಲರು, ಲಿಂಗತ್ವ ಅಲ್ಪಸಂಖ್ಯಾತರು, ಚಾಲಕ ವೃತ್ತಿಯ ಕುಟುಂಬದವರು ಹೀಗೆ ಬೇರೆ ಬೇರೆ ಗುಂಪುಗಳಿಗೆ ರಿಯಾಯಿತಿ ಕೊಡುವುದುಂಟು. ಪಟ್ಟಿ ಪ್ರತಿ ವರ್ಷ ಪ್ರವೇಶ ಪ್ರಕಟಣೆಯಲ್ಲಿ ಇರುತ್ತದೆ, ಬದಲಾಗುತ್ತಲೂ ಇರುತ್ತದೆ. ಗಮನಿಸಬೇಕಾದದ್ದು ಇಷ್ಟೇ: ರಿಯಾಯಿತಿಯ ದಾಖಲೆಯನ್ನು ಪ್ರವೇಶದ ಅರ್ಜಿಯ ಜೊತೆಗೇ ಕೊಡಬೇಕು. ಪೂರ್ತಿ ಫೀಸು ಕಟ್ಟಿದ ಮೇಲೆ ನೆನಪಾಗಿ ಹೋದರೆ ವಾಪಸು ಪಡೆಯುವುದು ಕಷ್ಟ. ಇಗ್ನೊ ಕೆಲವು ಕೋರ್ಸುಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿ ಕೊಡುತ್ತದೆ; ಒಂದು ಪ್ರವೇಶ ಅವಧಿಯಲ್ಲಿ ಅದು ಒಂದೇ ಕೋರ್ಸಿಗೆ ಸಿಗುವಂಥದ್ದು.

ವಿದ್ಯಾರ್ಥಿವೇತನದಲ್ಲಿ ನಿಯಮವನ್ನು ಓದಿಯೇ ಮುಂದೆ ಹೋಗಬೇಕು. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದವರಿಗೆ ಕೇಂದ್ರ ಸರ್ಕಾರ ಕೊಡುವ ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನದಲ್ಲಿ ಪದವಿಗೆ ವರ್ಷಕ್ಕೆ 12,000 ರೂಪಾಯಿ ಇದೆ, ಆದರೆ ಅದು ರೆಗ್ಯುಲರ್ ಕೋರ್ಸಿಗೆ ಮಾತ್ರ. ಅಂಚೆ ಮತ್ತು ದೂರಶಿಕ್ಷಣದವರನ್ನು ಮಾರ್ಗಸೂಚಿಯೇ ಹೊರಗಿಟ್ಟಿದೆ. ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹಾಗಲ್ಲ. ಅದು ದೂರಶಿಕ್ಷಣವನ್ನು ಸಾರಾಸಗಟಾಗಿ ಹೊರಗಿಟ್ಟಿಲ್ಲ. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿಯೊಳಗಿರಬೇಕು. ಕೆಲಸದಲ್ಲಿರುವವರು ಎಡವುವುದು ಇಲ್ಲೇ. ತಂದೆಯ ಆದಾಯ ಮಾತ್ರ ಎಂದುಕೊಂಡು ತಮ್ಮ ಸಂಬಳವನ್ನು ತೋರಿಸುವುದಿಲ್ಲ. ಪಿಎಫ್ ಕಡಿತವಾಗುವ ಕೆಲಸದಲ್ಲಿದ್ದರೆ ನಿಮ್ಮ ಆದಾಯಕ್ಕೆ ದಾಖಲೆ ಇದ್ದೇ ಇರುತ್ತದೆ. ಮುಚ್ಚಿಟ್ಟು ಪಡೆದ ಹಣವನ್ನು ಆಮೇಲೆ ತಿರುಗಿ ಕಟ್ಟಬೇಕಾಗುತ್ತದೆ.

ಕರ್ನಾಟಕದಲ್ಲಿ ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ. ಮಂಜೂರಾದರೂ ಹಣ ಬಾರದೆ ಒದ್ದಾಡುವವರು ಬಹಳ. ಕಾರಣಗಳು ಹೆಚ್ಚುಕಡಿಮೆ ಇವೇ: ಆಧಾರ್‌ನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು, ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಮುದ್ರಿಸಿರುವ ಆರ್‌ಡಿ ಸಂಖ್ಯೆ ತಪ್ಪು ಅಥವಾ ಪ್ರಮಾಣಪತ್ರದ ಅವಧಿ ಮುಗಿದಿರುವುದು, ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗದಿರುವುದು. ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆವೈಸಿಗೆಂದು ಆಧಾರ್ ಪ್ರತಿ ಕೊಟ್ಟಿರುವುದು ಬೇರೆ, ಸರ್ಕಾರದ ಹಣ ಇದೇ ಖಾತೆಗೆ ಬರಬೇಕೆಂದು ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ದಾಖಲೆಯಲ್ಲಿ ಜೋಡಿಸುವುದು ಬೇರೆ. ಎರಡು ಮೂರು ಖಾತೆ ಇದ್ದವರಲ್ಲಿ ಹಣ ಕೊನೆಗೆ ಜೋಡಿಸಿದ ಖಾತೆಗೆ ಹೋಗುತ್ತದೆ. ಕೆಲಸ ಬದಲಿಸಿದಾಗ ಕಂಪನಿ ತೆರೆಸಿಕೊಟ್ಟ ಹಳೆಯ ಸಂಬಳದ ಖಾತೆ ಮುಚ್ಚಿಹೋಗಿದ್ದರೆ ಹಣ ಸುಮ್ಮನೆ ಹಿಂದಕ್ಕೆ ಹೋಗುತ್ತದೆ. ಅರ್ಜಿಗೆ ಮೊದಲೇ ಬ್ಯಾಂಕಿನಲ್ಲಿ ‘ಡಿಬಿಟಿಗೆ (ಸರ್ಕಾರದ ಹಣ ನೇರ ಖಾತೆಗೆ ಬರುವುದಕ್ಕೆ) ಸೀಡಿಂಗ್ ಆಗಿದೆಯೇ’ ಎಂದು ನೇರವಾಗಿ ಕೇಳಿ.

ಸಮುದಾಯದ ಟ್ರಸ್ಟುಗಳು, ಮಠಗಳು, ಪತ್ತಿನ ಸಹಕಾರ ಸಂಘಗಳೂ ವರ್ಷಕ್ಕೊಮ್ಮೆ ಸಣ್ಣ ಮೊತ್ತ ಕೊಡುತ್ತವೆ. ಪೂರ್ತಿ ಫೀಸಿಗೆ ಸಾಲದಿದ್ದರೂ ಪರೀಕ್ಷಾ ಶುಲ್ಕಕ್ಕೆ ಒದಗುತ್ತವೆ.

ಕಂಪನಿ ಕಟ್ಟುವ ಫೀಸು, ಅದರ ಜೊತೆ ಬರುವ ಬಾಂಡ್

ನೌಕರರ ಓದಿಗೆ ಹಣ ಕೊಡುವ ಕಂಪನಿಗಳು ಇವೆ, ಆದರೆ ಅದನ್ನು ಸಾರಿ ಹೇಳುವುದು ಕಡಿಮೆ. ಎಚ್‌ಆರ್ ಬಳಿ ‘ಉನ್ನತ ಶಿಕ್ಷಣ ನೆರವಿನ ನೀತಿ ಇದೆಯೇ’ ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರವೂ ಬರಹದಲ್ಲಿರಲಿ. ಸಾಮಾನ್ಯವಾಗಿ ಮೊದಲು ನೀವು ಕಟ್ಟಬೇಕು, ಸೆಮಿಸ್ಟರ್ ಪಾಸಾದ ಮೇಲೆ ರಸೀದಿ ಮತ್ತು ಅಂಕಪಟ್ಟಿ ಕೊಟ್ಟರೆ ಕಂಪನಿ ಮರಳಿಸುತ್ತದೆ. ಅಂದರೆ ಆರೇಳು ತಿಂಗಳು ಆ ಹಣ ನಿಮ್ಮ ಕೈಯಿಂದಲೇ ಓಡಬೇಕು. ಪ್ರವೇಶಕ್ಕೆ ಮೊದಲೇ ಅನುಮೋದನೆ ಪಡೆದಿರಬೇಕು ಎಂಬ ಷರತ್ತು ಹೆಚ್ಚಿನ ಕಡೆ ಇರುತ್ತದೆ. ಸೇರಿದ ಮೇಲೆ ಕೇಳಿದವರಿಗೆ ಸಿಗುವುದಿಲ್ಲ. ಮರಳಿಸಿದ ಹಣವನ್ನು ಸಂಬಳದ ಭಾಗವಾಗಿ ತೋರಿಸುತ್ತಾರೆಯೇ ಎಂಬುದನ್ನೂ ಕೇಳಿಕೊಳ್ಳಿ, ತೆರಿಗೆ ಅದರ ಮೇಲೆ ನಿಂತಿದೆ.

ಬಾಂಡ್ ಎಂದರೆ ‘ಇಷ್ಟು ವರ್ಷ ಇಲ್ಲೇ ಕೆಲಸ ಮಾಡುತ್ತೇನೆ, ಬಿಟ್ಟರೆ ಇಷ್ಟು ಹಣ ಕೊಡುತ್ತೇನೆ’ ಎಂಬ ಒಪ್ಪಂದ. ‘ಬಾಂಡ್‌ಗೆ ಕಾನೂನಿನಲ್ಲಿ ಬೆಲೆಯಿಲ್ಲ’ ಎಂಬ ಮಾತನ್ನು ನಂಬಿ ಸಹಿ ಹಾಕಬೇಡಿ. ಮೂರು ವರ್ಷ ಸೇವೆ ಮಾಡಬೇಕು, ಇಲ್ಲವಾದರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಹಾಗೆಂದು ಕಂಪನಿ ಬಾಯಿಗೆ ಬಂದ ಮೊತ್ತ ಬರೆದುಕೊಳ್ಳುವಂತಿಲ್ಲ. ಒಪ್ಪಂದ ಕಾಯ್ದೆಯ 74ನೇ ಕಲಂ ಪ್ರಕಾರ ಸಿಗುವುದು ನ್ಯಾಯಸಮ್ಮತ ಪರಿಹಾರ ಮಾತ್ರ. ಸಹಿಗೆ ಮೊದಲು ಮೂರು ವಿಷಯ ಬರಹದಲ್ಲಿ ಇರುವಂತೆ ನೋಡಿಕೊಳ್ಳಿ. ಬಾಂಡ್ ಅವಧಿ ಶುರುವಾಗುವುದು ಪ್ರವೇಶದ ದಿನದಿಂದಲೋ ಪದವಿ ಮುಗಿದ ದಿನದಿಂದಲೋ? ಮೂರು ವರ್ಷದ ಕೋರ್ಸಿನಲ್ಲಿ ಈ ಒಂದು ಸಾಲು ನಿಮ್ಮನ್ನು ಮೂರು ವರ್ಷದ ಬದಲು ಆರು ವರ್ಷ ಕಟ್ಟಿಹಾಕಬಲ್ಲದು. ಅರ್ಧ ಅವಧಿ ಕೆಲಸ ಮಾಡಿದ್ದರೆ ಕಟ್ಟಬೇಕಾದ ಮೊತ್ತವೂ ಅರ್ಧಕ್ಕೆ ಇಳಿಯುತ್ತದೆಯೇ? ಕಂಪನಿಯೇ ಕೆಲಸದಿಂದ ತೆಗೆದರೆ ಏನು?

ಸೆಮಿಸ್ಟರ್‌ಗೊಂದು ಆರ್‌ಡಿ

ಮೂರು ವರ್ಷಕ್ಕೆ 60,000 ರೂಪಾಯಿ ಫೀಸು ಎಂದಾಗ ದೊಡ್ಡದಾಗಿ ಕಾಣುತ್ತದೆ. ಆರು ಸೆಮಿಸ್ಟರಿಗೆ ಹಂಚಿದರೆ ತಲಾ 10,000. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 1,670 ರೂಪಾಯಿ. ಇದೇ 60,000ವನ್ನು ಶೇ. 11ರ ಬಡ್ಡಿಯಲ್ಲಿ ಒಂದೇ ಸಲ ಸಾಲ ತೆಗೆದು 36 ಕಂತಿನಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 1,965 ರೂಪಾಯಿ, ಒಟ್ಟು ಬಡ್ಡಿ 10,700 ರೂಪಾಯಿಯಷ್ಟು. 1,965 ಕಟ್ಟುವ ಶಕ್ತಿ ಇರುವವರಿಗೆ 1,670 ಉಳಿಸುವ ಶಕ್ತಿಯೂ ಇದೆ. ಬೇಕಾದದ್ದು ಮೊದಲ ಸೆಮಿಸ್ಟರಿನ 10,000 ಮಾತ್ರ. ಹಾಗಾಗಿ ಪ್ರವೇಶಕ್ಕೆ ಆರು ತಿಂಗಳು ಮೊದಲೇ ಬ್ಯಾಂಕಿನಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಶುರು ಮಾಡಿ. ಕೆಲವು ಬ್ಯಾಂಕುಗಳಲ್ಲಿ ಆರು ತಿಂಗಳ ಆರ್‌ಡಿ ಸಿಗುತ್ತದೆ. ಅಂಚೆ ಕಚೇರಿಯದು ಐದು ವರ್ಷದ್ದು, ಈ ಕೆಲಸಕ್ಕೆ ಹೊಂದುವುದಿಲ್ಲ. ಕಂತಿನ ದಿನಾಂಕವನ್ನು ಸಂಬಳ ಬೀಳುವ ಮರುದಿನಕ್ಕೆ ಇಡಿ.

‘ಪೂರ್ತಿ ಫೀಸು ಒಮ್ಮೆಗೇ ಕಟ್ಟಿದರೆ ರಿಯಾಯಿತಿ’ ಎಂದು ಸಂಸ್ಥೆ ಹೇಳಿದರೆ ಸ್ವಲ್ಪ ತಡೆಯಿರಿ. ಕೆಲಸದ ಜೊತೆ ಓದುವವರು ನಡುವೆ ನಿಲ್ಲಿಸುವ ಸಾಧ್ಯತೆ ಹೆಚ್ಚು: ವರ್ಗಾವಣೆ, ಮದುವೆ, ಹೆರಿಗೆ, ಮನೆಯವರ ಕಾಯಿಲೆ. ಮೂರನೇ ಸೆಮಿಸ್ಟರಿನಲ್ಲಿ ನಿಂತರೆ ಮುಂಗಡ ಕಟ್ಟಿದ್ದು ಬಹುತೇಕ ಮರಳಿ ಬರುವುದಿಲ್ಲ. ಸಣ್ಣ ರಿಯಾಯಿತಿಗಾಗಿ ಆ ಅಪಾಯ ತೆಗೆದುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಶಿಕ್ಷಣ ಸಾಲ: ಸಿಗುವುದು ಯಾರಿಗೆ, ಬಡ್ಡಿ ನಡೆಯುವುದು ಹೇಗೆ

ಬ್ಯಾಂಕುಗಳು ಅನುಸರಿಸುವ ಮಾದರಿ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಬೇಡ, ಕೈಯಿಂದ ಹಾಕುವ ಪಾಲೂ ಬೇಡ. ತಂದೆ, ತಾಯಿ ಅಥವಾ ಸಂಗಾತಿ ಸಹ-ಸಾಲಗಾರರಾಗಿ ಸಹಿ ಹಾಕಬೇಕು. 7.5 ಲಕ್ಷದವರೆಗಿನ ಸಾಲಕ್ಕೆ ಸರ್ಕಾರದ ಖಾತರಿ ನಿಧಿಯ ರಕ್ಷಣೆ ಇದೆ. ಇಷ್ಟೆಲ್ಲ ಇದ್ದರೂ ದೂರಶಿಕ್ಷಣದ ಪದವಿಗೆ ಹೆಚ್ಚಿನ ಶಾಖೆಗಳು ಇದನ್ನು ಕೊಡುವುದಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಆಯ್ದ ಗುಣಮಟ್ಟದ ಸಂಸ್ಥೆಗಳ ಪಟ್ಟಿಗೆ ಸೀಮಿತ. ಆದರೆ ಸಂಜೆ ಕಾಲೇಜಿನವರು, ಹೆಸರಾಂತ ಸಂಸ್ಥೆಗಳ ಪಾರ್ಟ್‌ಟೈಮ್ ಅಥವಾ ಎಕ್ಸಿಕ್ಯುಟಿವ್ ಕೋರ್ಸಿಗೆ ಸೇರುವವರು ಖಂಡಿತ ವಿಚಾರಿಸಬೇಕು. ಅದಕ್ಕೆಂದೇ ಸಾಲ ಇಟ್ಟಿರುವ ಬ್ಯಾಂಕುಗಳಿವೆ.

ಶಾಖೆಗೆ ಹೋಗುವಾಗ ಪ್ರವೇಶ ಪತ್ರ, ಸೆಮಿಸ್ಟರ್‌ವಾರು ಫೀಸಿನ ವಿವರ, ಹಿಂದಿನ ಅಂಕಪಟ್ಟಿಗಳು, ಪ್ಯಾನ್, ಆಧಾರ್, ಆರು ತಿಂಗಳ ಸಂಬಳ ಚೀಟಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಒಯ್ಯಿರಿ. ಕೋರ್ಸ್ ಪೂರ್ಣಾವಧಿಯದೋ ಅಲ್ಲವೋ ಎಂಬುದನ್ನು ಕಾಲೇಜಿನಿಂದ ಪತ್ರದಲ್ಲಿ ಬರೆಸಿಕೊಂಡು ಹೋದರೆ ಅರ್ಧ ಓಡಾಟ ಉಳಿಯುತ್ತದೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ಶಿಕ್ಷಣ ಸಾಲದಲ್ಲಿ ಮೊರಟೋರಿಯಂ ಎಂಬ ಅವಧಿ ಇರುತ್ತದೆ: ಕೋರ್ಸಿನ ಅವಧಿ, ಅದರ ಮೇಲೆ ಒಂದು ವರ್ಷ. ಆಗ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಈ ಅವಧಿಯಲ್ಲಿ ಸರಳ ಬಡ್ಡಿ ಲೆಕ್ಕ ಹಾಕುತ್ತಾರೆ, ಮುಗಿದ ದಿನ ಅದನ್ನು ಅಸಲಿಗೆ ಸೇರಿಸುತ್ತಾರೆ. ಶೇ. 10ರ ದರದಲ್ಲಿ ಆರು ತಿಂಗಳಿಗೊಮ್ಮೆ 10,000ದಂತೆ ಆರು ಸಲ ಬಿಡುಗಡೆಯಾದ ಸಾಲವನ್ನು ನೋಡಿ. ಮೊದಲ 10,000ಕ್ಕೆ 48 ತಿಂಗಳ ಬಡ್ಡಿ, ಎರಡನೆಯದಕ್ಕೆ 42, ಹೀಗೆ ಇಳಿದು ಕೊನೆಯದಕ್ಕೆ 18 ತಿಂಗಳು. ಎಲ್ಲ ಸೇರಿದರೆ ಬಡ್ಡಿ 16,500. ಕಂತು ಶುರುವಾಗುವ ದಿನ ನಿಮ್ಮ ಸಾಲ 60,000 ಅಲ್ಲ, 76,500. ದುಡಿಯುತ್ತಿರುವವರು ಇದನ್ನು ಸುಲಭವಾಗಿ ತಪ್ಪಿಸಬಹುದು. ತಿಂಗಳ ಬಡ್ಡಿಯನ್ನು ಆಗಾಗಲೇ ಕಟ್ಟಿಬಿಡಿ: ಮೊದಲ ಸೆಮಿಸ್ಟರಿನಲ್ಲಿ ಅದು ತಿಂಗಳಿಗೆ 83 ರೂಪಾಯಿ, ಆರೂ ಬಿಡುಗಡೆಯಾದ ಮೇಲೆ 500 ರೂಪಾಯಿ. ಹಾಗೆ ಕಟ್ಟುವವರಿಗೆ ಬಡ್ಡಿದರದಲ್ಲಿ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಕೇಳಿ ನೋಡಿ.

ತೆರಿಗೆ ಉಳಿಯುತ್ತದೆಯೇ?

ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಇ ಕಲಂ ಎಂದೇ ಅದು ಎಲ್ಲರಿಗೂ ಪರಿಚಿತ. ಪಿಯುಸಿ ನಂತರದ ಯಾವುದೇ ಓದಿಗೆ ಅನ್ವಯಿಸುತ್ತದೆ, ಪೂರ್ಣಾವಧಿಯೇ ಆಗಬೇಕೆಂದಿಲ್ಲ, ಮೊತ್ತಕ್ಕೆ ಮಿತಿಯಿಲ್ಲ, ಬಡ್ಡಿ ಕಟ್ಟಲು ಶುರು ಮಾಡಿದ ವರ್ಷ ಸೇರಿ ಎಂಟು ವರ್ಷ ಸಿಗುತ್ತದೆ. ಅಸಲಿಗೆ ಸಿಗುವುದಿಲ್ಲ. ನೆಂಟರಿಂದಲೋ ಕಂಪನಿಯಿಂದಲೋ ಪಡೆದ ಸಾಲಕ್ಕೂ ಇಲ್ಲ. ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2025-26ರ ಲೆಕ್ಕದಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ. ಅಷ್ಟರೊಳಗೆ ಸಂಬಳ ಇರುವವರಿಗೆ ‘ತೆರಿಗೆ ಉಳಿಯುತ್ತದೆ, ಸಾಲ ತೆಗೆಯಿರಿ’ ಎಂಬ ಸಲಹೆಯಿಂದ ಏನೂ ಲಾಭವಿಲ್ಲ. ಹಾಗೆಯೇ ಹಳೆಯ ಪದ್ಧತಿಯ 80ಸಿಯಲ್ಲಿ ಬೋಧನಾ ಶುಲ್ಕಕ್ಕೆ ಇರುವ ಅವಕಾಶ ಮಕ್ಕಳ ಪೂರ್ಣಾವಧಿ ಓದಿಗೆ. ನಿಮ್ಮದೇ ಪದವಿಯ ಫೀಸನ್ನು ಅಲ್ಲಿ ತೋರಿಸುವಂತಿಲ್ಲ.

ಸಣ್ಣ ಮೊತ್ತಕ್ಕೆ ಸಣ್ಣ ಸಾಲ

ಒಂದು ಸೆಮಿಸ್ಟರಿನ ಹತ್ತು ಹದಿನೈದು ಸಾವಿರ ಮಾತ್ರ ಕಡಿಮೆ ಬಿದ್ದರೆ ಶಿಕ್ಷಣ ಸಾಲದ ಓಡಾಟ ಬೇಕಿಲ್ಲ. ಬ್ಯಾಂಕಿನಲ್ಲಿ ಎಫ್‌ಡಿ ಇದ್ದರೆ ಅದನ್ನು ಮುರಿಯದೆ ಅದರ ಮೇಲೆ ಸಾಲ ತೆಗೆಯಬಹುದು. ಬಡ್ಡಿ ಸಾಮಾನ್ಯವಾಗಿ ಎಫ್‌ಡಿ ದರಕ್ಕಿಂತ ಒಂದೆರಡು ಶೇಕಡಾ ಹೆಚ್ಚು. ಪಿಪಿಎಫ್ ಖಾತೆ ಇರುವವರು ಮೂರನೇ ಹಣಕಾಸು ವರ್ಷದಿಂದ ಆರನೇ ವರ್ಷದವರೆಗೆ ಅದರಿಂದ ಸಾಲ ಪಡೆಯಬಹುದು. ಮನೆಯಲ್ಲಿ ಅಮ್ಮನೋ ಅಕ್ಕನೋ ಸ್ವಸಹಾಯ ಸಂಘದಲ್ಲಿದ್ದರೆ ಸಂಘದ ಆಂತರಿಕ ಸಾಲ ಎಷ್ಟೋ ಸಲ ಬೇಗ ಕೈಗೆ ಸಿಗುತ್ತದೆ, ಆದರೆ ವಾರದ ಕಂತು ತಪ್ಪಿದರೆ ಮುಜುಗರ ಅವರದು ಎಂಬುದು ನೆನಪಿರಲಿ. ಚೀಟಿಯಾದರೆ ನೋಂದಾಯಿತ ಚೀಟಿಯೇ ಆಗಿರಲಿ.

ಚಿನ್ನದ ಸಾಲವನ್ನು ಹೆಚ್ಚು ಜನ ಬಳಸುತ್ತಾರೆ. ಆರ್‌ಬಿಐ ಹೊಸ ನಿಯಮದಂತೆ 2026ರ ಏಪ್ರಿಲ್‌ನಿಂದ 2.5 ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ. 85ರವರೆಗೆ ಕೊಡಬಹುದು. ಕೊಡುತ್ತಾರೆಂದು ಅಷ್ಟನ್ನೂ ತೆಗೆಯಬೇಡಿ. ಅಸಲು ಬಡ್ಡಿ ಎಲ್ಲವನ್ನೂ ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಸಾಲದಲ್ಲಿ ಆ ದಿನ ಹಣ ಹೊಂದದೆ ಒಡವೆ ಹರಾಜಿಗೆ ಹೋಗುತ್ತದೆ. ತಿಂಗಳ ಕಂತಿನ ಚಿನ್ನದ ಸಾಲವನ್ನೇ ಕೇಳಿ.

‘ಬಡ್ಡಿಯಿಲ್ಲದ ಕಂತು’ ಎಂದರೆ ನಿಜವಾಗಿ ಏನು

ಆನ್‌ಲೈನ್ ಪದವಿಯ ಫೀಸು ಹೊಂದಿಸುವಾಗ ಅತಿ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ.

50,000 ರೂಪಾಯಿ ಫೀಸು. ಒಮ್ಮೆಗೇ ಕಟ್ಟಿದರೆ 5,000 ರಿಯಾಯಿತಿ. ಇಲ್ಲವೇ ‘ಬಡ್ಡಿಯಿಲ್ಲದ’ 12 ಕಂತು, ತಿಂಗಳಿಗೆ 4,167. ಮೇಲ್ನೋಟಕ್ಕೆ ಬಡ್ಡಿ ಸೊನ್ನೆ. ಆದರೆ ಕೋರ್ಸಿನ ನಗದು ಬೆಲೆ 45,000. ಅಷ್ಟನ್ನು ಸಾಲ ಪಡೆದು 50,000 ತೀರಿಸುತ್ತಿದ್ದೀರಿ. ವಾರ್ಷಿಕ ದರಕ್ಕೆ ಪರಿವರ್ತಿಸಿದರೆ ಇದು ಸುಮಾರು ಶೇ. 20. ಸಂಸ್ಕರಣಾ ಶುಲ್ಕ ಸೇರಿದರೆ ಇನ್ನೂ ಮೇಲೆ.

ಇನ್ನೊಂದು ಬಗೆ ‘ಫ್ಲಾಟ್’ ಬಡ್ಡಿ. 60,000ಕ್ಕೆ ಶೇ. 10 ಫ್ಲಾಟ್, ಮೂರು ವರ್ಷ ಎಂದರೆ 18,000 ಬಡ್ಡಿ, ತಿಂಗಳಿಗೆ 2,167. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಮೊದಲ ದಿನದ ಪೂರ್ತಿ 60,000ದ ಮೇಲೇ ನಡೆಯುತ್ತದೆ. ಮದುವೆಗೆಂದು ಬಾಡಿಗೆಗೆ ತಂದ ಐದು ಹಂಡೆಗಳಲ್ಲಿ ಮೂರನ್ನು ಹಿಂದಿರುಗಿಸಿದ ಮೇಲೂ ಐದಕ್ಕೂ ಬಾಡಿಗೆ ತೆತ್ತಂತೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಇಳಿಕೆ ಬಾಕಿಯ ಲೆಕ್ಕದಲ್ಲಿ ಇದೇ ಸಾಲದ ದರ ಶೇ. 18ರ ಸನಿಹ.

ಇದಕ್ಕಿಂತ ದೊಡ್ಡ ಅಪಾಯ ಒಪ್ಪಂದದ ರಚನೆಯಲ್ಲಿದೆ. ಫೀಸನ್ನು ಕಂತಿನಲ್ಲಿ ಪಡೆಯುತ್ತಿರುವುದು ವಿಶ್ವವಿದ್ಯಾಲಯವೇ ಎಂದು ನೀವು ಅಂದುಕೊಂಡಿರುತ್ತೀರಿ. ಹೆಚ್ಚಿನ ಸಲ ಅದು ಹಾಗಿರುವುದಿಲ್ಲ. ಒಂದು ಹಣಕಾಸು ಕಂಪನಿ ನಿಮ್ಮ ಹೆಸರಿಗೆ ಸಾಲ ಬರೆದು ಪೂರ್ತಿ ಮೊತ್ತವನ್ನು ಕೋರ್ಸ್ ಮಾರುವವರಿಗೆ ಕೊಟ್ಟಿರುತ್ತದೆ. ಎರಡು ಒಪ್ಪಂದಗಳೂ ಬೇರೆ ಬೇರೆ. ಪಾಠ ಚೆನ್ನಾಗಿಲ್ಲವೆಂದು ನೀವು ಬಿಟ್ಟರೂ, ಕೋರ್ಸ್ ಮಾರಿದ ವೇದಿಕೆಯೇ ಬಾಗಿಲು ಮುಚ್ಚಿದರೂ ಸಾಲ ಉಳಿಯುತ್ತದೆ. ‘ಕ್ಲಾಸೇ ಇಲ್ಲ, ಕಂತು ಯಾಕೆ’ ಎಂದು ಕಟ್ಟುವುದನ್ನು ನಿಲ್ಲಿಸಿದರೆ ಸಿಬಿಲ್ ಅಂಕ (ಸಾಲ ತೀರಿಸುವ ನಡತೆಗೆ ಕೊಡುವ ಅಂಕ) ಕುಸಿಯುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅದು ಎದುರಾಗುತ್ತದೆ.

ಒಟಿಪಿ ಹೇಳುವ ಮೊದಲು ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೇಳಿ. ಸಾಲ ಕೊಡುವವರು ಅದನ್ನು ಕೊಡಲೇಬೇಕೆಂದು ಆರ್‌ಬಿಐ ನಿಯಮವಿದೆ. ಸಾಲ ಕೊಡುತ್ತಿರುವ ಕಂಪನಿಯ ಹೆಸರು, ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ, ಮತ್ತು ಮನಸ್ಸು ಬದಲಾದರೆ ದಂಡವಿಲ್ಲದೆ ಹಿಂದೆ ಸರಿಯುವ ಅವಧಿ ಅದರಲ್ಲಿ ಇರುತ್ತವೆ. ಡಿಜಿಟಲ್ ಸಾಲದಲ್ಲಿ ಈ ಅವಧಿ ಕನಿಷ್ಠ ಒಂದು ದಿನ. ಹಿಂದೆ ಸರಿಯುವುದಾದರೆ ಆ ಅವಧಿಯೊಳಗೇ ಇಮೇಲ್ ಕಳಿಸಿ, ಫೋನಿನಲ್ಲಿ ಹೇಳಿದ್ದಕ್ಕೆ ಪುರಾವೆ ಇರುವುದಿಲ್ಲ. ವಂಚನೆ ಕಂಡರೆ ಮೊದಲು ಸಾಲ ಕೊಟ್ಟ ಕಂಪನಿಗೆ ಲಿಖಿತ ದೂರು. 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಇಂಥ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ನಡುವೆ ಹಣ ನಿಂತರೆ

ಕೆಲಸ ಹೋಯಿತು, ಮುಂದಿನ ಸೆಮಿಸ್ಟರಿನ ಫೀಸಿಗೆ ದಾರಿಯಿಲ್ಲ. ಆಗ ಹೆಚ್ಚಿನ ಬಡ್ಡಿಯ ಆ್ಯಪ್ ಸಾಲಕ್ಕೆ ಕೈ ಹಾಕುವ ಬದಲು ಒಂದು ಸೆಮಿಸ್ಟರ್ ಬಿಡುವುದು ಮೇಲು. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಯಲ್ಲಿ ನೀವು ಪಾಸಾದ ವಿಷಯಗಳ ಕ್ರೆಡಿಟ್, ಅಂದರೆ ಓದಿ ಗಳಿಸಿದ್ದರ ಲೆಕ್ಕ, ನಿಮ್ಮ ಖಾತೆಯಲ್ಲಿ ಏಳು ವರ್ಷದವರೆಗೆ ಉಳಿಯುತ್ತದೆ. ಬಿಡುವ ಮೊದಲು ಮೂರು ಕೆಲಸ ಮಾಡಿ: ಈವರೆಗಿನ ಕ್ರೆಡಿಟ್‌ಗಳು ಖಾತೆಗೆ ಸೇರಿವೆಯೇ ಎಂದು ಡಿಜಿಲಾಕರ್‌ನಲ್ಲಿ ನೋಡಿ; ಮರಳಿ ಸೇರುವಾಗ ಎಷ್ಟು ಶುಲ್ಕ, ಎಷ್ಟು ವರ್ಷದೊಳಗೆ ಎಂಬುದನ್ನು ಅಧ್ಯಯನ ಕೇಂದ್ರದಿಂದ ಬರಹದಲ್ಲಿ ಪಡೆಯಿರಿ; ಶಿಕ್ಷಣ ಸಾಲ ಇದ್ದರೆ ಬ್ಯಾಂಕಿಗೆ ಪತ್ರ ಕೊಟ್ಟು ಮುಂದಿನ ಬಿಡುಗಡೆಯನ್ನು ತಡೆಹಿಡಿಸಿ, ಕೋರ್ಸ್ ಅವಧಿ ಮುಂದೂಡಿರುವುದನ್ನು ದಾಖಲಿಸಿ. ಈ ಪತ್ರ ಕೊಡದಿದ್ದರೆ ಬ್ಯಾಂಕಿನ ಕಂಪ್ಯೂಟರ್ ಹಳೆಯ ದಿನಾಂಕದಂತೆಯೇ ಮೊರಟೋರಿಯಂ ಮುಗಿಸಿ ಕಂತು ಕೇಳಲು ಶುರು ಮಾಡುತ್ತದೆ. ಸ್ವೀಕೃತಿಯ ಮುದ್ರೆ ಇರುವ ಪ್ರತಿಯನ್ನು ಅಂಕಪಟ್ಟಿಗಳ ಜೊತೆಗೇ ಇಟ್ಟುಕೊಳ್ಳಿ.